ನಾಲ್ಕು ಸಾಲಿನ ತಿದ್ದುಪಡಿ

ಪಿಳ್ಳಪ್ಪನ ಹೆಸರು ತನ್ನ ಬಾಯಿಂದ ಹೇಗೆ ಬಂತು ಎಂಬುದು ಬೆಳಗಿನ ಕಾಫಿ ಆರಿ ಕೆನೆಗಟ್ಟುವವರೆಗೂ ವಸುಮತಿಗೆ ತಿಳಿಯಲಿಲ್ಲ. ನೆನ್ನೆ ಮಧ್ಯಾಹ್ನ ಡೈರೆಕ್ಟರ್ ಚಂದ್ರಶೇಖರಯ್ಯನವರು ಕನ್ನಡಕವನ್ನು ಹಣೆಗೇರಿಸಿಕೊಂಡು 'ಹಾಗಾದ್ರೆ ಇದು ಆಗಿದ್ದು ಹೇಗೆ ಡಾಕ್ಟರಮ್ಮಾ?' ಎಂದು ಕೇಳಿದಾಗ ಅವಳು ಉತ್ತರಕ್ಕಾಗಿ ಹುಡುಕಲೇ ಇಲ್ಲ. ಹುಡುಕಿದ್ದರೆ ಬೇರೆ ಏನಾದರೂ ಸಿಕ್ಕುತ್ತಿತ್ತೋ ಏನೋ. 'ಪ್ಲೇಟುಗಳನ್ನೆಲ್ಲ ಪಿಳ್ಳಪ್ಪ ನೋಡ್ಕೋತಿದ್ದ ಸಾರ್. ಅವನ ಕೈ ಅಷ್ಟು ಶುದ್ಧ ಅಲ್ಲ' ಎಂದುಬಿಟ್ಟಳು. ಚಂದ್ರಶೇಖರಯ್ಯನವರ ಮುಖದಲ್ಲಿ, ಹಲ್ಲುನೋವಿನವನಿಗೆ ಲವಂಗ ಸಿಕ್ಕಿದ ಹಾಗೆ, ಒಂದು ಸಮಾಧಾನ ಹರಡಿತು. 'ನಾಳೆ ಹನ್ನೊಂದಕ್ಕೆ ಕರೆಸಿ ಕೇಳೋಣ. ನೀವೂ ಇರಿ' ಎಂದರು. ಇಪ್ಪತ್ತೆರಡು ವರ್ಷದಿಂದ ವಸುಮತಿ ಅವನನ್ನು 'ಪಿಳ್ಳಪ್ಪನವರೇ' ಎಂದೇ ಕರೆಯುತ್ತಿದ್ದಳು. ಸಂಸ್ಥೆಯಲ್ಲಿ ಬೇರೆ ಯಾವ ವಿಜ್ಞಾನಿಯೂ ಲ್ಯಾಬ್ ಅಟೆಂಡರನ್ನು ಬಹುವಚನದಲ್ಲಿ ಮಾತಾಡಿಸುವುದಿಲ್ಲವೆಂಬುದು ಅವಳಿಗೆ ಒಳಗೊಳಗೇ ಹೆಮ್ಮೆಯ ವಿಷಯವಾಗಿತ್ತು. ಆದರೆ ಬಾಯಲ್ಲಿ 'ನೀವು' ಇದ್ದರೂ ಮನಸ್ಸಿನಲ್ಲಿ ಅವನು ಯಾವತ್ತೂ 'ಅವನು' ಆಗಿಯೇ ಇದ್ದನಲ್ಲವೆ? ನೆನ್ನೆ ಮನಸ್ಸಿನದು ಬಾಯಿಗೆ ಬಂತು, ಅಷ್ಟೆ.

'ಕಾಫಿ ಯಾಕೆ ಹಾಗೇ ಇಟ್ಟಿದೀಯ ವಸು?' ಎಂದು ಅಡಿಗೆಮನೆಯಿಂದ ಅಂಬುಜಮ್ಮ ಕೇಳಿದರು. ಎಂಬತ್ತೊಂದು ತುಂಬಿದ ತಾಯಿ ಈಗಲೂ ಮಡಿಯುಟ್ಟೇ ಅಡಿಗೆ ಮಾಡುವವರು. ಐವತ್ತೈದು ವರ್ಷದ ಮಗಳು, ಮದುವೆಯಾಗದೆ ಮನೆಯಲ್ಲೇ ಉಳಿದವಳು, ಕೆಲಸಕ್ಕೆ ಸೇರಿದ ಮೊದಲ ದಿನದಿಂದ ಇಂದಿನವರೆಗೂ ಸಂಜೆ ಬಂದು ಸ್ನಾನ ಮಾಡದೆ ನಡುಮನೆ ದಾಟುವಂತಿಲ್ಲ. 'ಹುಳ ಸಾಕೋ ಕಡೆಯಿಂದ ಬರ್ತೀಯ, ಒಲೆ ಹತ್ರ ಬರಬೇಡ' ಎನ್ನುತ್ತಾರೆ. ವಸುಮತಿ ಈ ಮಾತನ್ನು ತಾಯಿಯ ದನಿಯಲ್ಲೇ ಲ್ಯಾಬಿನಲ್ಲಿ ಆಡಿ ತೋರಿಸಿ ಎಲ್ಲರನ್ನೂ ನಗಿಸಿದ್ದಳು. ಪಿಳ್ಳಪ್ಪನೂ ನಕ್ಕಿದ್ದ. ಉಳಿದವರೆಲ್ಲ ನಕ್ಕು ಮುಗಿಸಿದ ಮೇಲೆ, ನಗಬಹುದೋ ಬಾರದೋ ಎಂದು ನೋಡಿಕೊಂಡು, ಒಂದಿಷ್ಟು ತಡವಾಗಿ ನಕ್ಕಿದ್ದ. ಅದು ಈಗ ನೆನಪಾಗಿ ಅವಳಿಗೆ ಕಾಫಿ ಇಳಿಯಲಿಲ್ಲ. 'ಬೇಡಮ್ಮ, ಹೊತ್ತಾಯ್ತು' ಎಂದು ಎದ್ದಳು.

ಮಲ್ಲೇಶ್ವರದಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಚಾಮರಾಜಪೇಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿವಿಗೆ ತಂತಿ ಸಿಕ್ಕಿಸಿಕೊಂಡಿದ್ದ ಹುಡುಗಿಯೊಬ್ಬಳು ಎದ್ದು 'ಕೂತ್ಕೊಳ್ಳಿ ಅಜ್ಜಿ' ಎಂದಳು. ಅಕ್ಕಪಕ್ಕದವರೆಲ್ಲ ತಿರುಗಿ ವಸುಮತಿಯ ತಲೆಯ ನರೆಯನ್ನು ನೋಡಿದಂತಾಗಿ ಅವಳು ಬೇಡವೆನ್ನಲೂ ಆಗದೆ ಕೂತಳು. ಮೊನ್ನೆ ಸೋಮವಾರ ಯಶಶ್ರೀ ಬಂದು ನಿಂತದ್ದೂ ಇಂಥದೇ ವಿನಯದಿಂದ. ಅಕ್ಕಿಪೇಟೆಯಲ್ಲಿ ಮಂಡಿ ಇಟ್ಟಿದ್ದ ದೊಡ್ಡಬೈರಪ್ಪನವರ ಮಗಳು, ವಸುಮತಿಯ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು. ಕೈಯಲ್ಲಿ ನಾಲ್ಕು ಹಾಳೆ. 'ಮೇಡಂ, ಒಂದ್ನಿಮಿಷ ನೋಡ್ತೀರಾ? ನಾನೇ ಏನಾದ್ರೂ ತಪ್ಪು ಮಾಡಿರಬಹುದು' ಎಂದು ಒಂದಲ್ಲ, ಮೂರು ಸಲ ಹೇಳಿದಳು. ಮೂರನೆಯ ಸಲ ಹೇಳಿದಾಗಲೇ ವಸುಮತಿಗೆ ಗೊತ್ತಾಗಿತ್ತು, ತಪ್ಪು ಮಾಡಿದವರು ಹೀಗೆ ಮಾತಾಡುವುದಿಲ್ಲ ಎಂದು.

ವಸುಮತಿಯ ಬದುಕೆಲ್ಲ ಕಳೆದದ್ದು ಒಂದು ಪ್ರಶ್ನೆಯ ಹಿಂದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಬೆಳಕಿದೆ. ಅದು ಬಿದ್ದರೆ ಬ್ಯಾಕ್ಟೀರಿಯಾದ ಒಳಗಿನ ಡಿಎನ್‌ಎ ಎಳೆ ಅಲ್ಲಲ್ಲಿ ಗಂಟುಬೀಳುತ್ತದೆ. ಬ್ಯಾಕ್ಟೀರಿಯಾ ಆ ಗಂಟನ್ನು ಕತ್ತರಿಸಿ ತೆಗೆದು ಮತ್ತೆ ಹೊಲಿದುಕೊಳ್ಳುತ್ತದೆ. ಹೊಲಿಯಲು ಬಾರದ ತಳಿಗಳೂ ಇವೆ. ಅವು ಲ್ಯಾಬಿನಲ್ಲಿ ಆ ಬೆಳಕು ಬೀರುವ ದೀಪದ ಕೆಳಗೆ ನಿಮಿಷದಲ್ಲಿ ಸಾಯುತ್ತವೆ. ಸಾಯಲೇಬೇಕಾಗಿದ್ದ ಅಂಥ ತಳಿಯ ಒಂದು ಗುಂಪು ಎಂಬತ್ತೊಂಬತ್ತನೇ ಇಸವಿಯಲ್ಲಿ ಅವಳು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಸಾಯದೆ ಉಳಿದುಕೊಂಡಿತ್ತು. ಹೊಲಿಗೆಯನ್ನು ಮರೆತ ಜೀವ ಬೇರೊಂದು ಹೊಲಿಗೆಯನ್ನು ತಾನೇ ಕಂಡುಕೊಂಡಿದೆ ಎಂದು ಅವಳು ಬರೆದಳು. ಆ ಕೆಲಸ ಮಾಡುವ ಜೀನನ್ನು ಬೇರ್ಪಡಿಸಿದಳು. ಅದಕ್ಕೆ ಇಂಗ್ಲಿಷಿನ ಮೂರಕ್ಷರದ ಹೆಸರಿಟ್ಟಳು, ವಿಎಸ್‌ಯು. ಪ್ರಬಂಧದಲ್ಲಿ ಆ ಅಕ್ಷರಗಳಿಗೆ ಬೇರೇನೋ ಅರ್ಥ ಕೊಟ್ಟಿದ್ದರೂ ಅದು ವಸುಮತಿಯ 'ವಸು' ಎಂದು ಲ್ಯಾಬಿನ ಗೋಡೆಗಳಿಗೂ ಗೊತ್ತಿತ್ತು. ಐದು ಪ್ರಬಂಧ, ಒಂದು ಪ್ರಶಸ್ತಿ, ಮೂರು ವಿದೇಶ ಪ್ರಯಾಣ. ಮೊದಲ ಸಲ ಹೋದಾಗ ಒಬ್ಬ ಬಿಳಿಯ ಮುದುಕ ಅವಳ ಕೈಕುಲುಕಿ, ನಿಮ್ಮ ಲ್ಯಾಬಿನ ಮುಖ್ಯಸ್ಥರು ಬಂದಿಲ್ಲವೆ ಎಂದು ಕೇಳಿದ್ದ. ಎರಡನೆಯ ಸಲ ಅವನೇ ಎದ್ದು ಬಂದು ಕುರ್ಚಿ ಎಳೆದು ಕೊಟ್ಟಿದ್ದ. ಆ ಕುರ್ಚಿಯನ್ನು ಕೊಟ್ಟದ್ದು ಆ ಜೀನು.

ಈಗ ಯಶಶ್ರೀ ಆ ಜೀನಿನ ಅಕ್ಷರಮಾಲೆಯನ್ನು ಕಂಪ್ಯೂಟರಿಗೆ ಹಾಕಿ, ಜಗತ್ತಿನ ಎಲ್ಲ ಜೀವಿಗಳ ಅಕ್ಷರಗಳನ್ನು ಕೂಡಿಟ್ಟ ಭಂಡಾರದಲ್ಲಿ ಹುಡುಕಿದ್ದಳು. ಎರಡು ನಿಮಿಷ ಹಿಡಿಯಿತಂತೆ. ಮಣ್ಣಿನಲ್ಲಿ, ನಲ್ಲಿನೀರಿನಲ್ಲಿ, ಎಲ್ಲೆಂದರಲ್ಲಿ ಇರುವ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾದ ತೀರ ಸಾಮಾನ್ಯ ಜೀನು ಅದು, ನೂರಕ್ಕೆ ತೊಂಬತ್ತೊಂಬತ್ತು ಪಾಲು. 'ಕಂಪ್ಯೂಟರ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ ಕಣಮ್ಮ' ಎಂದು ವಸುಮತಿ ನಗಲು ನೋಡಿದಳು. 'ಅದಕ್ಕೇ ಮೇಡಂ, ಫ್ರೀಜರಲ್ಲಿರೋ ಎಂಬತ್ತೊಂಬತ್ತನೇ ಇಸ್ವಿ ಬಾಟ್ಲಿಂದಾನೇ ಬೆಳೆಸ್ದೆ. ಜಾತಿ ಯಾವುದು ಅಂತ ಹೇಳೋ ಜೀನ್ ಇದೆಯಲ್ಲ, ಅದನ್ನ ಓದಿಸ್ದೆ. ಅದೂ ಇದನ್ನೇ ಹೇಳ್ತಿದೆ. ಇದು ನಮ್ಮ ಬ್ಯಾಕ್ಟೀರಿಯಾನೇ ಅಲ್ಲ ಮೇಡಂ. ಹೊರಗಿಂದ ಬಂದು ಸೇರ್ಕೊಂಡಿರೋದು' ಎಂದಳು. ಹಾಗಾದರೆ ಆ ಜೀವ ಹೊಸ ಹೊಲಿಗೆ ಕಲಿಯಲಿಲ್ಲ. ಹೊಲಿಗೆ ಬಲ್ಲ ಬೇರೊಂದು ಬಂದು ಅಲ್ಲಿ ಕೂತಿತ್ತು. ಹದಿನಾಲ್ಕು ವರ್ಷ ಅವಳು ನೆಂಟನನ್ನು ಮನೆಮಗನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಯಶಶ್ರೀ ಹಾಳೆಗಳನ್ನು ಮೇಜಿನ ಮೇಲೆ ಅಂಚು ಸರಿಮಾಡಿ ಇಟ್ಟು, ತಾನೇನೋ ಒಡೆದುಬಿಟ್ಟೆನೆಂಬಂತೆ ಹಿಂದೆ ಸರಿದಳು. ಅವಳ ಆ ಕರುಣೆಗೆ ವಸುಮತಿಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಪಿಳ್ಳಪ್ಪ ಡೈರೆಕ್ಟರ ಕೋಣೆಯ ಹೊರಗೆ ನಿಂತಿದ್ದ. ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ತಲೆ. ಬರುವ ಡಿಸೆಂಬರ್ ಮೂವತ್ತೊಂದಕ್ಕೆ ಅವನ ನಿವೃತ್ತಿ. ಶೇಷಾದ್ರಿಪುರದ ಒಂದು ಕಾಲೇಜಿನವರು ತಮ್ಮ ಹುಡುಗರಿಗೆ ಲ್ಯಾಬಿನ ಕೈಕೆಲಸ ಹೇಳಿಕೊಡಲು ಅವನನ್ನು ಕೇಳಿದ್ದರು. ಅದಕ್ಕೆ ವಸುಮತಿಯ ಶಿಫಾರಸು ಪತ್ರ ಬೇಕಿತ್ತು. ಅವಳು ಬರೆಯುತ್ತೇನೆಂದು ಹೇಳಿ ಒಂದು ತಿಂಗಳಾಗಿತ್ತು. ಹಾಗಾಗಿ ಅವಳನ್ನು ಕಂಡೊಡನೆ ಅವನ ಮುಖ ಅರಳಿತು. 'ಆ ವಿಷ್ಯಾನೇ ಇರಬೇಕಲ್ವಾ ಮೇಡಂ, ಸಾರ್ ಕರೆದಿರೋದು?' ಎಂದ. ಅವಳು ಕೇಳಿಸಲಿಲ್ಲವೆಂಬಂತೆ ಒಳಗೆ ಹೋದಳು.

'ನೋಡಪ್ಪಾ ಪಿಳ್ಳಪ್ಪ, ಯಾರೂ ನಿನ್ನ ಮೇಲೆ ತಪ್ಪು ಹೊರಿಸ್ತಾ ಇಲ್ಲ' ಎಂದು ಚಂದ್ರಶೇಖರಯ್ಯನವರು ಶುರುಮಾಡಿದರು. ಪಕ್ಕದಲ್ಲಿ ಆಡಳಿತಾಧಿಕಾರಿ ಫೈಲು ತೆರೆದುಕೊಂಡು ಕೂತಿದ್ದರು. ಎಂಬತ್ತೊಂಬತ್ತರಲ್ಲಿ ಮೇಡಮ್ಮನವರ ಪ್ಲೇಟಿಗೆ ಹೊರಗಿನ ಹುಳ ಸೇರಿತ್ತೆಂದು ಈಗ ಗೊತ್ತಾಗಿದೆ. ಆಗ ಪ್ಲೇಟುಗಳನ್ನು ನೋಡಿಕೊಳ್ಳುತ್ತಿದ್ದವನು ನೀನು. ಕೈ ತಪ್ಪಿ ಆಗಿರಬಹುದು. ಏನಾದರೂ ಹೇಳುವುದಿದೆಯೆ ಎಂದು ಡೈರೆಕ್ಟರು ಕೇಳಿದರು. ಪಿಳ್ಳಪ್ಪ ಅವರ ಮಾತು ಮುಗಿಯುವ ತನಕ ಅವರ ಬಾಯನ್ನೇ ನೋಡುತ್ತಿದ್ದು, ಆಮೇಲೆ ನಿಧಾನವಾಗಿ ವಸುಮತಿಯ ಕಡೆ ತಿರುಗಿದ. ಒಂದೇ ಸಲ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಗೊತ್ತಿರುವ ಲೆಕ್ಕವನ್ನು ಹುಡುಗನೊಬ್ಬ ತಪ್ಪು ಮಾಡುತ್ತಿರುವಾಗ ನೋಡುವ ಹಾಗೆ ನೋಡಿದ. ಮತ್ತು ಆ ಕ್ಷಣದಲ್ಲಿ, ಯಾರೂ ಕರೆಯದೆಯೇ, ಎಂಬತ್ತೊಂಬತ್ತರ ಆ ಸೋಮವಾರ ಅವಳೆದುರು ಬಂದು ನಿಂತಿತು.

ಕಾರ್ತಿಕ ಮಾಸ. ಹಿಂದಿನ ಶನಿವಾರ ಪಿಳ್ಳಪ್ಪ ರಜೆಯ ಮೇಲಿದ್ದ. ಅವನ ಮಗುವಿಗೆ ಜ್ವರ. ಪ್ಲೇಟುಗಳ ಮೇಲೆ ಬ್ಯಾಕ್ಟೀರಿಯಾ ಹರಡಿದವಳು ಅವಳೇ, ತನ್ನ ಕೈಯಾರೆ. ಬರ್ನರಿನ ಸೆಖೆಯೆಂದು ಕಿಟಕಿ ತೆರೆದವಳೂ ಅವಳೇ. ಕಿಟಕಿಯಾಚೆ ರಸ್ತೆ ಅಗೆದು ಪೈಪು ಹಾಕುತ್ತಿದ್ದರು. ಸೋಮವಾರ ಬೆಳಿಗ್ಗೆ ಪಿಳ್ಳಪ್ಪ ಅವನ್ನು ಇಟ್ಟಿದ್ದ ಬೆಚ್ಚನೆಯ ಪೆಟ್ಟಿಗೆ ತೆರೆದು ಪ್ಲೇಟುಗಳನ್ನು ಹೊರಗೆ ತೆಗೆದ, ಅಷ್ಟೆ. ಉಳಿದುಕೊಂಡಿದ್ದ ಆ ಒಂದು ಗುಂಪನ್ನು ಅವಳು ಕಂಡು, ಯಾರಿಗೆ ಮೊದಲು ಹೇಳಲಿ ಎಂದು ನಿಂತಿದ್ದಾಗ, ಅವನು ಆ ಪ್ಲೇಟಿನ ಮುಚ್ಚಳವನ್ನು ಒಂದು ಬೆರಳಿನಷ್ಟು ಎತ್ತಿ ಮೂಗಿನ ಹತ್ತಿರ ಹಿಡಿದ. 'ಇದು ನಮ್ದಲ್ಲ ಮೇಡಂ' ಎಂದ. 'ನಮ್ದರ ವಾಸ್ನೆ ಇಲ್ಲ ಇದಕ್ಕೆ. ಪರಿಷೆ ಹಸಿ ಕಡ್ಲೆಕಾಯ್ ತರ, ಮಣ್ಣು ಮಣ್ಣು ವಾಸ್ನೆ ಬರ್ತಿದೆ.' ಅವಳಿಗೆ ಏನಾಯಿತೋ. 'ನಿನಗೇನೋ ಗೊತ್ತು? ಮುಚ್ಚು ಅದನ್ನ. ವಾಸನೆ ನೋಡು ಅಂತ ಯಾರು ಹೇಳಿದ್ರು ನಿನಗೆ?' ಎಂದು ಕೂಗಿದ್ದಳು. ಇಷ್ಟನ್ನೂ ಅವಳು ಮರೆತಿದ್ದಳು. ಮರೆತಿದ್ದಳೆಂಬುದು ನಿಜವೋ ಸುಳ್ಳೋ ಎಂದು ಈಗ ಯಾರೂ ಕೇಳುವವರಿರಲಿಲ್ಲ. ಅವನು ಹೇಳುತ್ತಾನೆ, ಈಗ ಹೇಳಿಬಿಡುತ್ತಾನೆ ಎಂದು ಅವಳು ಕುರ್ಚಿಯ ತೋಳನ್ನು ಹಿಡಿದುಕೊಂಡಳು.

'ಆಗಿರಬಹುದು ಸಾರ್' ಎಂದ ಪಿಳ್ಳಪ್ಪ. 'ಕೈ ಅಂದ್ಮೇಲೆ ಆಗುತ್ತೆ.'

ಆಡಳಿತಾಧಿಕಾರಿ ಬರೆದುಕೊಂಡರು. ಪಿಳ್ಳಪ್ಪ ಸಹಿ ಮಾಡಿದ. ಅದರ ಕೆಳಗೆ ವಸುಮತಿಯೂ ಸಹಿ ಮಾಡಿದಳು. ಹತ್ತು ನಿಮಿಷವೂ ಆಗಿರಲಿಲ್ಲ.

ಗಾಜಿನ ಬಾಟಲಿ ತೊಳೆಯುವ ಕೋಣೆಯ ಮುಂದೆ ಅವಳು ಅವನನ್ನು ತಡೆದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, 'ಪಿಳ್ಳಪ್ಪನವರೇ, ಅವತ್ತು ನೀವೊಂದು ಮಾತು ಹೇಳಿದ್ರಿ. ವಾಸನೆ ಬಗ್ಗೆ. ನೆನಪಿದೆಯಾ?' ಎಂದಳು.

'ಇದೆ ಮೇಡಂ.'

'ಮತ್ತೆ ಒಳಗೆ ಯಾಕೆ ಹೇಳ್ಲಿಲ್ಲ?'

'ಅವತ್ತು ನಿಮಗೆ ಹೇಳಿದ್ದಕ್ಕೆ ಮೂರು ತಿಂಗಳು ಈ ರೂಮಲ್ಲಿ ಬಾಟ್ಲಿ ತೊಳೆಯೋಕೆ ಹಾಕಿದ್ರಿ' ಎಂದ, ಬೇರೆ ಯಾರ ಸಂಗತಿಯನ್ನೋ ಹೇಳುವವನ ಹಾಗೆ. 'ಇವತ್ತು ಅವರಿಗೆ ಹೇಳಿ ಎಲ್ಲಿ ಹಾಕಿಸ್ಕೊಳ್ಲಿ? ಇನ್ನಿರೋದೇ ನಲವತ್ತು ದಿನ.' ಆಮೇಲೆ, ಅವಳು ನಿಂತೇ ಇದ್ದುದನ್ನು ಕಂಡು, ಅವಳಿಗೇ ಸಮಾಧಾನ ಹೇಳುವಂತೆ, 'ಹೋಗ್ಲಿ ಬಿಡಿ ಮೇಡಂ. ಆ ಕಾಲೇಜಿನ ಲೆಟ್ರು ಒಂದು ಬರೆದ್ಕೊಟ್ಬಿಡಿ, ಸಾಕು' ಎಂದ.

ಮೂರು ತಿಂಗಳು! ಅದನ್ನು ಅವಳು ಖಂಡಿತ ಮರೆತಿದ್ದಳು. ಆ ಮೂರು ತಿಂಗಳಲ್ಲೇ ಅಲ್ಲವೆ ಅವಳು ಮೊದಲ ಪ್ರಬಂಧವನ್ನು ಬರೆದದ್ದು, ಹಗಲೆಲ್ಲ ಟೈಪು ಮಾಡಿಸಿ, ತಿದ್ದಿ, ಮತ್ತೆ ಟೈಪು ಮಾಡಿಸಿ. ಕೆಳಗಿನ ಕೋಣೆಯಿಂದ ಇಡೀ ದಿನ ಬಾಟಲಿಗಳ ಕಿಣಿಕಿಣಿ ಕೇಳುತ್ತಿತ್ತು, ಯಾರೋ ಸಂಗೀತ ಅಭ್ಯಾಸ ಮಾಡುತ್ತಿದ್ದಾರೆಂಬಂತೆ ಅದು ಅವಳಿಗೆ ಹಿತವಾಗಿತ್ತು.

ಅಂದೇ ಪತ್ರ ಬರೆಯಬಹುದಿತ್ತು. ಆದರೆ ಅವನ ಕೈ ಶುದ್ಧವಲ್ಲವೆಂದು ಸಹಿ ಹಾಕಿದ ದಿನವೇ ಅವನ ಕೈ ಅತ್ಯಂತ ನುರಿತದ್ದೆಂದು ಬರೆಯಲು ಪೆನ್ನು ಏಳಲಿಲ್ಲ. ನಾಳೆ, ನಾಡಿದ್ದು ಎಂದು ಹತ್ತು ದಿನ ಕಳೆಯಿತು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಶ್ರೀರಾಂಪುರಕ್ಕೆ ಹೊರಟಳು. ಅವಳ ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅವನು ಮಗಳ ಮದುವೆಗೆ ಕರೆದಾಗಲೂ ಅವಳಿಗೆ ಅಂದು ಸೆಮಿನಾರಿತ್ತು. ರೈಲುಹಳಿಯ ಪಕ್ಕದ ಓಣಿಯಲ್ಲಿ ಎರಡು ಕಡೆ ವಿಚಾರಿಸಿ ಮನೆ ಹುಡುಕಿದಳು. ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಕ್ಕಯಮ್ಮ, ಪಿಳ್ಳಪ್ಪನ ಹೆಂಡತಿ, ಅವಳ ಹೆಸರು ಕೇಳಿದ ಕೂಡಲೇ ಮೊರ ಪಕ್ಕಕ್ಕಿಟ್ಟು ಎದ್ದಳು. 'ಬನ್ನಿ ಬನ್ನಿ ಮೇಡಮ್ಮಾ, ಒಳಕ್ಕೆ ಬನ್ನಿ. ಇವ್ರ ಬಾಯಲ್ಲಿ ಯಾವಾಗ್ಲೂ ನಿಮ್ದೇ ಮಾತು' ಎಂದು ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಬನಿಯನ್ನಿನಲ್ಲಿದ್ದ ಪಿಳ್ಳಪ್ಪ ಗಡಿಬಿಡಿಯಿಂದ ಶರ್ಟು ಹಾಕಿಕೊಂಡು ಬಂದ.

ಅಕ್ಕಯಮ್ಮ ಹೊರಗೆ ಹೋದವಳು ಅಂಗಡಿಯಿಂದ ಒಂದು ಕೂಲ್‌ಡ್ರಿಂಕ್ ಬಾಟಲಿ ತಂದು ಎದುರಿಗೇ ಮುಚ್ಚಳ ತೆಗೆದಳು. ವಸುಮತಿಗೆ ತಕ್ಷಣ ಅರ್ಥವಾಯಿತು. 'ಯಾಕ್ರೀ ಇದೆಲ್ಲ, ಮನೇಲಿ ಮಾಡಿದ ಕಾಫೀನೇ ಕೊಡಬಹುದಿತ್ತಲ್ಲ' ಎಂದಳು. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. 'ನೀವು ಕುಡೀತೀರೋ ಇಲ್ವೋ ಅಂತ…' ಎಂದ ಅಕ್ಕಯಮ್ಮ ನಾಚಿ ಗಂಡನ ಮುಖ ನೋಡಿ, 'ಈಗ ಒಡೆದಾಯ್ತಲ್ಲ' ಎಂದಳು. ವಸುಮತಿ ಕುಡಿದಳು. ಗಂಟಲಿಗೆ ಗ್ಯಾಸು ಚುಚ್ಚಿ ಕಣ್ಣಲ್ಲಿ ನೀರು ಬಂತು.

'ಕಾಲೇಜಲ್ಲಿ ಇವ್ರು ಮೇಷ್ಟ್ರಾಗ್ತಾರಂತಲ್ಲ ಮೇಡಮ್ಮಾ' ಎಂದಳು ಅಕ್ಕಯಮ್ಮ. 'ನಾನು ಆಡ್ಕೋತಾ ಇರ್ತೀನಿ, ಎಂಟನೇ ಕ್ಲಾಸ್ ಓದಿರೋ ಮೇಷ್ಟ್ರು ಅಂತ. ಎರಡು ಜೊತೆ ಹೊಸ ಬಟ್ಟೆ ಹೊಲಿಸ್ಕೊಂಡಿದಾರೆ. ಖಾಕಿ ಬೇಡ ಅಂತ ಬಿಳೀದು.' ಪಿಳ್ಳಪ್ಪ 'ಸೊಪ್ಪು ಹಾಗೇ ಬಿಟ್ಟು ಬಂದಿದೀಯ, ಹಸು ಬಾಯಿ ಹಾಕುತ್ತೆ ನೋಡು' ಎಂದು ಅವಳನ್ನು ಹೊರಗೆ ಕಳಿಸಿದ. ಆಮೇಲೆ ದನಿ ತಗ್ಗಿಸಿ, 'ಅವಳಿಗಿನ್ನೂ ಹೇಳಿಲ್ಲ ಮೇಡಂ. ಆ ಪ್ರಿನ್ಸಿಪಾಲ್ರು ನಮ್ಮ ಡೈರೆಕ್ಟರ್‌ಗೆ ಫೋನ್ ಮಾಡಿದ್ರಂತೆ, ಹೇಗೆ ಮನುಷ್ಯ ಅಂತ. ಸಾರ್ ಇದ್ದದ್ದನ್ನ ಹೇಳಿದಾರೆ. ಬೇರೆಯವರನ್ನ ತಗೊಂಡ್ರಂತೆ' ಎಂದ.

ವಸುಮತಿ ಪತ್ರವನ್ನು ಹೊರತೆಗೆದಳು. ಕೊಡುವುದೋ ಬಿಡುವುದೋ ತಿಳಿಯದೆ ಕೈಯಲ್ಲೇ ಹಿಡಿದಿದ್ದಳು. ಪಿಳ್ಳಪ್ಪನೇ ಕೈ ಚಾಚಿ ತೆಗೆದುಕೊಂಡ, ಬೆರಳಿಟ್ಟು ಒಂದೊಂದೇ ಇಂಗ್ಲಿಷ್ ಪದವನ್ನು ತುಟಿಯಲ್ಲೇ ಓದಿದ, 'ಚೆನ್ನಾಗಿ ಬರೆದಿದೀರಿ' ಎಂದು ಮಡಿಸಿ ದೇವರಪಟದ ಹಿಂದೆ ಇಟ್ಟ. ಇನ್ನು ಯಾವ ಉಪಯೋಗಕ್ಕೂ ಬಾರದ ಕಾಗದವನ್ನು ಅವನು ಅಷ್ಟು ಜೋಪಾನವಾಗಿ ಇಟ್ಟದ್ದನ್ನು ನೋಡಿ ಅವಳಿಗೆ, ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು.

'ಪೇಪರಿನವರಿಗೆ ಬರೀತಿದೀರಂತೆ, ತಪ್ಪಾಗಿತ್ತು ಅಂತ. ಯಶಶ್ರೀಯಮ್ಮ ಹೇಳಿದ್ರು' ಎಂದ ಪಿಳ್ಳಪ್ಪ.

'ಹೌದು. ಬರೀಲೇಬೇಕು.'

'ಅದರಲ್ಲಿ ನನ್ನ ಹೆಸರು ಹಾಕ್ತೀರಾ?'

'ಛೆ ಛೆ, ಇಲ್ಲ ಇಲ್ಲ' ಎಂದಳು ವಸುಮತಿ, ಕೊನೆಗೂ ಅವನಿಗೆ ಒಂದು ನೆಮ್ಮದಿಯ ಮಾತು ಹೇಳಲು ಸಿಕ್ಕಿತೆಂಬ ಆತುರದಿಂದ. 'ನಿಮ್ಮ ಹೆಸರು ಎಲ್ಲೂ ಬರಲ್ಲ. ಆ ಚಿಂತೆ ನಿಮಗೆ ಬೇಡ.'

ಪಿಳ್ಳಪ್ಪ ನಕ್ಕ. ಈ ಸಲ ಯಾರಿಗಾಗಿಯೂ ಕಾಯದೆ ನಕ್ಕ. 'ಐದು ಪೇಪರಲ್ಲೂ ಬರ್ಲಿಲ್ಲ. ಇದರಲ್ಲೂ ಇಲ್ವಾ ಮೇಡಂ?'

ಐದು ಪ್ರಬಂಧಗಳ ಕೊನೆಯಲ್ಲೂ ಅವಳು ಧನ್ಯವಾದ ಹೇಳಿದ್ದಳು. ಅನುದಾನ ಕೊಟ್ಟವರಿಗೆ, ಒಂದು ಚಿಕ್ಕ ಸೀಸೆಯಲ್ಲಿ ಕಿಣ್ವ ಕಳಿಸಿದ ಜರ್ಮನಿಯವನಿಗೆ, ಸೊಗಸಾಗಿ ಟೈಪು ಮಾಡಿದವರಿಗೆ. ಎಂಟು ವರ್ಷ ದಿನಕ್ಕೆ ನೂರು ಪ್ಲೇಟು ಸುರಿದು, ಎಣಿಸಿ, ಗುರುತು ಹಾಕಿದ ಮನುಷ್ಯನ ಹೆಸರು ಅಲ್ಲಿ ಇರಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ. ಇರಬಾರದೆಂದು ಬಿಟ್ಟಿದ್ದರೆ ಅದಾದರೂ ಒಂದು ಮಾತು. 'ಹಾಕ್ತೀನಿ' ಎಂದಳು. ಮುಂದಿನ ಮಾತು ತಾನೇ ತಾನಾಗಿ ಬಂತು. 'ಇದು ನಮ್ಮ ತಳಿ ಅಲ್ಲ ಅಂತ ಅವತ್ತೇ ಗುರುತು ಹಿಡಿದದ್ದು ನೀವು, ನಾನು ಕೇಳ್ಲಿಲ್ಲ ಅಂತ ಬರೀತೀನಿ. ನಿಮ್ಮ ಹೆಸರು ಹಾಕಿಯೇ ಬರೀತೀನಿ.' ಪಿಳ್ಳಪ್ಪ 'ಹಾಕೋದಾದ್ರೆ ಪೂರ್ತಿ ಹಾಕಿ ಮೇಡಂ' ಎಂದ. 'ಎಂ. ಪಿಳ್ಳಪ್ಪ. ನಮ್ಮಪ್ಪ ಮುನಿಯಪ್ಪ.' ಅವನ ಹೆಸರಿನ ಹಿಂದೆ ಒಂದು ಅಕ್ಷರವಿದೆಯೆಂಬುದೂ ಅವಳಿಗೆ ಗೊತ್ತಿರಲಿಲ್ಲ.

ಅದೇ ಸಂಜೆ ಬರೆದಳು. ಪ್ರಬಂಧ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಗೆ ತಿದ್ದುಪಡಿ, ಐದು ಸಾಲು. ಮೊದಲ ನಾಲ್ಕು ಸಾಲು ಏನಾಗಿತ್ತೆಂಬುದರ ಬಗ್ಗೆ. ಐದನೆಯದು: ಈ ತಳಿ ಹೊರಗಿನದೆಂದು ಪ್ರಯೋಗದ ಸಮಯದಲ್ಲೇ ಶ್ರೀ ಎಂ. ಪಿಳ್ಳಪ್ಪ ಸರಿಯಾಗಿ ಗುರುತಿಸಿದ್ದರು; ಲೇಖಕಿ ಅದನ್ನು ಕಡೆಗಣಿಸಿದಳು. ಆ ಸಾಲನ್ನು ನಾಲ್ಕಾರು ಸಲ ಓದಿಕೊಂಡಳು. ಓದಿದಷ್ಟೂ ಇಷ್ಟವಾಯಿತು. ಇಂಥ ಸಾಲನ್ನು ಯಾವ ಗಂಡಸು ವಿಜ್ಞಾನಿ ಬರೆದಾನು ಅನ್ನಿಸಿತು. ವಿದೇಶದಲ್ಲಿ ಇದನ್ನು ಓದಿದವರು ಅವಳ ಪ್ರಾಮಾಣಿಕತೆಯ ಬಗ್ಗೆ ಏನೆಂದುಕೊಂಡಾರು ಎಂದು ಊಹಿಸಿ, ಆ ಮುದುಕ ಕುರ್ಚಿ ಎಳೆದು ಕೊಡುತ್ತಿರುವುದು ಮತ್ತೆ ಕಣ್ಣಿಗೆ ಕಟ್ಟಿ, ಥೂ ಎಂದು ತನಗೆ ತಾನೇ ಹೇಳಿಕೊಂಡು ಹಾಳೆಯನ್ನು ಮಗುಚಿ ಇಟ್ಟಳು.

'ಇದೇನಿದು ಕೊನೇ ಸಾಲು?' ಎಂದರು ಚಂದ್ರಶೇಖರಯ್ಯನವರು ಮರುದಿನ.

'ನಡೆದದ್ದು ಸಾರ್.'

'ನಡೆದದ್ದು.' ಅವರು ಹಾಳೆಯನ್ನು ಮೇಜಿನ ಮೇಲಿಟ್ಟು ಎರಡು ಬೆರಳಿನಿಂದ ಒತ್ತಿ ಹಿಡಿದರು. 'ಡಾಕ್ಟರಮ್ಮಾ, ಹದಿನೈದು ದಿನದ ಹಿಂದೆ ಇದೇ ರೂಮಲ್ಲಿ ಅವನ ತಪ್ಪು ಅಂತ ಹೇಳಿ ಸೈನ್ ಮಾಡಿದವರು ನೀವು. ಇವತ್ತು ಅವನೇ ಕಂಡುಹಿಡಿದ ಅಂತೀರಿ. ನಾಳೆ ಯಾರಾದ್ರೂ ಎರಡನ್ನೂ ಪಕ್ಕದಲ್ಲಿಟ್ಟು ಕೇಳಿದ್ರೆ ನಾನು ಯಾವುದನ್ನ ನಿಜ ಅನ್ಲಿ? ಅಟೆಂಡರ್ ಮೂಗಿಗೆ ತಿಳಿದದ್ದು ಈ ಸಂಸ್ಥೆಯ ವಿಜ್ಞಾನಿಗೆ ಹದಿನಾಲ್ಕು ವರ್ಷ ತಿಳೀಲಿಲ್ಲ ಅಂತ ನಾವೇ ಅಚ್ಚು ಹಾಕಿಸೋಣ್ವಾ?' ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಂದೆ ಮಗಳಿಗೆ ಲೋಕ ತಿಳಿಸುವ ಮಮತೆಯಿತ್ತು. 'ನಿಮ್ಮ ಸರ್ವೀಸ್ ಎಕ್ಸ್‌ಟೆನ್ಶನ್ ಫೈಲು ಇನ್ನೂ ನನ್ನ ಹತ್ರಾನೇ ಇದೆ. ಯಾಕೆ ಇದೆಲ್ಲ?' ಕೆಂಪು ಪೆನ್ಸಿಲು ತೆಗೆದುಕೊಂಡು ಐದನೆಯ ಸಾಲಿನ ಮೇಲೆ, ಸ್ಕೇಲಿಟ್ಟು ಎಳೆದಷ್ಟು ನೇರವಾಗಿ, ಒಂದು ಗೆರೆ ಎಳೆದರು. 'ಆಗಬಹುದಲ್ಲ?'

ಆಗದು ಎನ್ನಲು ಬೇಕಾದ ಎಲ್ಲ ಮಾತುಗಳೂ ಅವಳಲ್ಲಿದ್ದವು. ಬಸ್ಸಿನಲ್ಲಿ ಬರುವಾಗ ಅವನ್ನು ಒಂದೊಂದಾಗಿ ಜೋಡಿಸಿಕೊಂಡೇ ಬಂದಿದ್ದಳು. ಅವು ಎಲ್ಲಿಗೂ ಹೋಗಿರಲಿಲ್ಲ, ನಾಲಿಗೆಯ ಹಿಂದೆ ಸಾಲಾಗಿ ನಿಂತಿದ್ದವು; ಅವಳು ಬಾಯಿ ತೆರೆದರೆ ಸಾಕಾಗಿತ್ತು.

'ಆಗಬಹುದು ಸಾರ್' ಎಂದಳು.

ಮೆಟ್ಟಿಲಿಳಿಯುವಾಗ ಅವಳಿಗೆ ವಿಪರೀತ ಹಸಿವಾಯಿತು. ಮೂರು ವಾರದಿಂದ ತುತ್ತು ಇಳಿಯದಿದ್ದವಳು ಆಟೋ ಹಿಡಿದು ಗಾಂಧಿಬಜಾರಿಗೆ ಹೋಗಿ ಎರಡು ಮಸಾಲೆದೋಸೆ ತಿಂದಳು. ಬೆಣ್ಣೆ ಬೆರಳಿಗಂಟಿತು. ಹಗುರವಾಗಿತ್ತು ಮೈ. ಹಗುರವಾಗಿರುವುದು ತನಗೆ ಗೊತ್ತಾಗುತ್ತಿದೆ ಎಂಬುದೂ ಗೊತ್ತಾಗಿ, ಬಿಲ್ಲು ಕೊಡುವವನ ಮುಖ ನೋಡಲಾಗದೆ ಗೋಡೆಯ ಮೇಲಿನ ಬೆಲೆಪಟ್ಟಿ ಓದುತ್ತ ಕೂತಳು. ಮಧ್ಯಾಹ್ನ ಯಶಶ್ರೀ ಆ ನಾಲ್ಕು ಸಾಲುಗಳನ್ನು ಟೈಪು ಮಾಡಿ ಕಳಿಸಿದಳು. ಕೆಂಪು ಗೆರೆಯ ಕೆಳಗೆ ಏನಿತ್ತೆಂದು ಅವಳು ಓದಿರಲೇಬೇಕು. ಮಾರನೆಯ ದಿನದಿಂದ ಅವಳು ವಸುಮತಿಯ ಕೋಣೆಗೆ ಬರುವಾಗ, ಮೊದಲಿನಂತೆ ಒಳಗೆ ಬಂದು ಕೂರದೆ, ಬಾಗಿಲಲ್ಲೇ ನಿಂತು ಮಾತಾಡಿಸತೊಡಗಿದಳು.

ಡಿಸೆಂಬರ್ ಮೂವತ್ತೊಂದರಂದು ಸಂಸ್ಥೆಯ ಪದ್ಧತಿಯಂತೆ ಲೈಬ್ರರಿ ಹಾಲಿನಲ್ಲಿ ನಡೆಯಬೇಕಿದ್ದ ಬೀಳ್ಕೊಡುಗೆ ಪಿಳ್ಳಪ್ಪನಿಗೆ ನಡೆಯಲಿಲ್ಲ. ಈ ಸಂದರ್ಭದಲ್ಲಿ ಬೇಡವೆಂದು ಆಡಳಿತಾಧಿಕಾರಿ ಅಭಿಪ್ರಾಯಪಟ್ಟರಂತೆ. ಕೆಳಗಿನ ಬಾಟಲಿ ತೊಳೆಯುವ ಕೋಣೆಯಲ್ಲೇ ಅಟೆಂಡರುಗಳು, ಮಾಲಿ, ಕಸ ಗುಡಿಸುವವರು, ನಾಲ್ಕೈದು ವಿದ್ಯಾರ್ಥಿಗಳು ಸೇರಿದ್ದರು. ವಸುಮತಿಗೂ ಕರೆ ಬಂದಿತ್ತು. ಇಳಿದು ಹೋಗೋಣವೆಂದು ಮೂರು ಸಲ ಬಾಗಿಲ ತನಕ ಬಂದು, ಮೂರು ಸಲವೂ ಮೇಜಿನ ಮೇಲೆ ಏನೋ ಮರೆತವಳಂತೆ ಹಿಂದಿರುಗಿದಳು. ಮೆಟ್ಟಿಲುಗಳ ನಡುವಿನ ತೆರಪಿನಿಂದ ಮಾತು, ನಗು ಎಲ್ಲ ಸ್ಪಷ್ಟವಾಗಿ ಮೇಲೆ ಬರುತ್ತಿತ್ತು. ಯಾರೋ ಪಿಳ್ಳಪ್ಪನಿಗೆ ಹಾಡು ಎನ್ನುತ್ತಿದ್ದರು. ಅವನು ಹಾಡುತ್ತಾನೆಂಬುದು ಅವಳಿಗೆ ಗೊತ್ತಿರಲಿಲ್ಲ.

ಯಶಶ್ರೀ ಕಾಗದದ ತಟ್ಟೆಯಲ್ಲಿ ಒಂದು ತುಂಡು ಮೈಸೂರುಪಾಕು ಹಿಡಿದು ಬಂದು ಬಾಗಿಲಲ್ಲಿ ನಿಂತಳು. 'ಪಿಳ್ಳಪ್ಪನವರು ಕಳಿಸಿದ್ರು ಮೇಡಂ. ಅವರ ಮನೆಯವರೇ ಮಾಡಿರೋದು.' ವಸುಮತಿ ಎದ್ದು ಬಂದು ತೆಗೆದುಕೊಂಡು, ಯಶಶ್ರೀ ನೋಡಲಿ ಎಂದೇ, ಅಲ್ಲೇ ನಿಂತು ಬಾಯಿಗೆ ಹಾಕಿಕೊಂಡಳು.

'ಇನ್ನೊಂದು ಕೇಳಿದ್ರು' ಎಂದಳು ಯಶಶ್ರೀ. 'ಆ ತಿದ್ದುಪಡೀಲಿ ಹೆಸರು ಬರುತ್ತಾ ಅಂತ.'

ಟೈಪು ಮಾಡಿದವಳೇ ಕೇಳುತ್ತಿದ್ದಳು. ಅವಳ ಕಣ್ಣು ವಸುಮತಿಯ ಮುಖದ ಮೇಲೆ ಅಲುಗದೆ ನಿಂತಿತ್ತು. ಅದರಲ್ಲಿ ಈಗ ಕರುಣೆ ಇರಲಿಲ್ಲ.

'ಬರುತ್ತೆ ಅಂತ ಹೇಳು' ಎಂದಳು ವಸುಮತಿ.

ಯಶಶ್ರೀ ಅವಳ ಕೈಯಿಂದ ಖಾಲಿ ತಟ್ಟೆಯನ್ನು ತೆಗೆದುಕೊಂಡು ಇಳಿದು ಹೋದಳು. ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲು ಇಳಿಯಿತು. ಕೆಳಗಿನ ಗದ್ದಲ ತುಸು ತಗ್ಗಿದಾಗ ಅವಳ ದನಿ, ಮೇಲಿನವರಿಗೆ ಕೇಳಲೆಂದೇ ಎತ್ತಿದ್ದೋ ಅಥವಾ ಆ ಕಟ್ಟಡವೇ ಹಾಗೋ, ತೀರ ಹತ್ತಿರದಲ್ಲಿ ಕೇಳಿಸಿತು. 'ಇಲ್ಲ ಪಿಳ್ಳಪ್ಪನವರೇ. ಬರಲ್ಲ. ಮೊದಲು ಬರೆದಿದ್ರು, ಆಮೇಲೆ ತೆಗೆದುಬಿಟ್ರು.'

ವಸುಮತಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಬೈಗುಳ ಬರಲಿ ಎಂದು ಕಾದಳು. ಈಗಲಾದರೂ, ಅಷ್ಟು ಜನರ ಮುಂದೆ, ಅವನು ಏಕವಚನದಲ್ಲಿ ಅವಳ ಹೆಸರು ಹಿಡಿದು ಒಂದು ಮಾತು ಅಂದರೆ ಅದನ್ನು ತೆಗೆದುಕೊಂಡು ಮನೆಗೆ ಹೋಗಬಹುದಿತ್ತು.

'ಹೋಗ್ಲಿ ಬಿಡಮ್ಮ' ಎಂದ ಪಿಳ್ಳಪ್ಪನ ದನಿ. 'ನೀನು ಖಾರಾನೇ ತಗೊಂಡಿಲ್ವಲ್ಲ, ತಗೋ.'

ಒಂದು ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ಮತ್ತೆ ಯಾರೋ ಹಾಡೆಂದು ಪೀಡಿಸತೊಡಗಿದರು. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವಸುಮತಿ, ಅಷ್ಟು ಹೊತ್ತೂ ಅದು ತೆರೆದಿತ್ತೆಂದು ಕೆಳಗಿನವರಿಗೆ ತಿಳಿಯದ ಹಾಗೆ, ಸ್ವಲ್ಪವೂ ಸದ್ದಾಗದಂತೆ ಬಾಗಿಲು ಮುಚ್ಚಿದಳು.